ಕಾರ್ಡಿನ ಕಮಿಷನ್ ತೆರುವವರಾರು?

ಅಮೆರಿಕದ ಅಂಗಡಿಯೊಂದರಲ್ಲಿ ಗಿರಾಕಿಯೊಬ್ಬ ಕ್ರೆಡಿಟ್ ಕಾರ್ಡಿನ ಮೇಲೆ ನೂರು ಡಾಲರಿನ ಸರಕು ಕೊಂಡನೆನ್ನಿ. ವರ್ತಕನ ಖಾತೆಗೆ ಆ ನೂರೂ ಜಮೆಯಾಗುವುದಿಲ್ಲ. ಎರಡು ಡಾಲರಿನಷ್ಟು, ಕೆಲವೊಮ್ಮೆ ಅದಕ್ಕೂ ಮಿಗಿಲಾಗಿ, ನಡುದಾರಿಯಲ್ಲೇ ಕಳೆದುಹೋಗುತ್ತದೆ. ಅದರ ದೊಡ್ಡ ಪಾಲು ಸೇರುವುದು ಗಿರಾಕಿಗೆ ಕಾರ್ಡು ಕೊಟ್ಟ ಬ್ಯಾಂಕಿಗೆ. ವರ್ತಕನ ಬ್ಯಾಂಕು ಅದಕ್ಕೆ ಸಲ್ಲಿಸುವ ಈ ಹಣಕ್ಕೆ ಇಂಟರ್‌ಚೇಂಜ್ ಶುಲ್ಕವೆಂದು ಹೆಸರು.

ದರವನ್ನು ಗೊತ್ತುಮಾಡುವವು ವೀಸಾ, ಮಾಸ್ಟರ್‌ಕಾರ್ಡ್‌ನಂಥ ಜಾಲಗಳು. ಇಬ್ಬರು ಪೈಪೋಟಿಗಿಳಿದರೆ ಬೆಲೆ ಇಳಿಯುವುದು ಲೋಕರೂಢಿ. ಈ ವ್ಯವಹಾರದಲ್ಲಿ ಅದು ತಲೆಕೆಳಗಾಗುತ್ತದೆ. ಜಾಲಗಳು ಓಲೈಸಬೇಕಾದುದು ಕಾರ್ಡು ಹಂಚುವ ಬ್ಯಾಂಕುಗಳನ್ನು. ಬ್ಯಾಂಕಾದರೋ ಹೆಚ್ಚು ಶುಲ್ಕ ದೊರಕಿಸಿಕೊಡುವ ಜಾಲಕ್ಕೆ ಒಲಿಯುತ್ತದೆ. ಹೀಗೆ ಪೈಪೋಟಿಯೇ ದರವನ್ನು ಏರಿಸುವುದುಂಟು. ಬಂದುದರಲ್ಲಿ ಒಂದಂಶವನ್ನು ಬ್ಯಾಂಕು ಗಿರಾಕಿಗೆ ಬಹುಮಾನದ ಅಂಕಗಳಾಗಿ, ವಿಮಾನದ ಟಿಕೆಟ್ಟಾಗಿ ಮರಳಿಸುತ್ತದೆ. ಗಿರಾಕಿ ಕೈತಪ್ಪಿಯಾನೆಂಬ ಅಳುಕಿನಿಂದ ವರ್ತಕ ಕಾರ್ಡನ್ನು ನಿರಾಕರಿಸಲಾರ. ಶುಲ್ಕವನ್ನು ಸರಕಿನ ಬೆಲೆಯಲ್ಲೇ ಅಡಗಿಸುತ್ತಾನೆ. ಕಾರ್ಡಿಲ್ಲದೆ ನಗದು ಎಣಿಸುವ ಬಡವನೂ ಆ ಬೆಲೆಯನ್ನೇ ತೆರಬೇಕು. ಉಳ್ಳವರ ವಿಮಾನಯಾನಕ್ಕೆ ಇಲ್ಲದವರ ವಂತಿಗೆ ಎಂದರೆ ಮಾತು ಕಟುವಾದೀತು, ಸುಳ್ಳಾಗದು.

ಶುಲ್ಕಕ್ಕೆ ಸಮರ್ಥನೆಯೇ ಇಲ್ಲವೆಂದಲ್ಲ. ಎರಡು ಬ್ಯಾಂಕುಗಳ ವೆಚ್ಚವನ್ನು ಸರಿದೂಗಿಸಲು ಇಂಥದೊಂದು ಪಾವತಿ ಬೇಕಾದೀತೆಂದು 1983ರಲ್ಲಿಯೇ ವಿಲಿಯಂ ಬ್ಯಾಕ್ಸ್‌ಟರ್ ತೋರಿಸಿದ್ದರು. ಎಷ್ಟು ಎಂಬುದೇ ತಕರಾರು. ಫ್ರಾನ್ಸಿನ ರೋಶೆ ಮತ್ತು ತಿರೋಲ್ ಇದಕ್ಕೆ ಸೊಗಸಾದ ಒರೆಗಲ್ಲೊಂದನ್ನು ಕೊಟ್ಟರು: ಮತ್ತೆ ಬಾರದ ಪ್ರವಾಸಿಯೊಬ್ಬ ಜೇಬಿನಲ್ಲಿ ನಗದು ಇಟ್ಟುಕೊಂಡೇ ಕಾರ್ಡು ಚಾಚಿದರೆ, ವರ್ತಕ ಬೇಸರವಿಲ್ಲದೆ ತೆಗೆದುಕೊಳ್ಳುವಷ್ಟು ಮಾತ್ರ ಶುಲ್ಕವಿರಲಿ.

ಆಸ್ಟ್ರೇಲಿಯದ ರಿಸರ್ವ್ ಬ್ಯಾಂಕು 2003ರಲ್ಲಿ ಕ್ರೆಡಿಟ್ ಕಾರ್ಡಿನ ಸರಾಸರಿ ಶುಲ್ಕವನ್ನು ಸುಮಾರು ಶೇಕಡಾ 0.95ರಿಂದ 0.55ಕ್ಕೆ ಇಳಿಸಿತು, ಕಾರ್ಡಿಗೆ ಪ್ರತ್ಯೇಕ ದರ ಹಾಕಲು ವರ್ತಕನಿಗೆ ಅನುಮತಿಯಿತ್ತಿತು. ಬಹುಮಾನದ ಅಂಕಗಳು ಸೊರಗಿದವು, ವಾರ್ಷಿಕ ಚಂದಾ ಏರಿತು. ಆದರೂ ಜನ ಕಾರ್ಡನ್ನು ಬಿಡಲಿಲ್ಲ. ಯುರೋಪಿನ ಒಕ್ಕೂಟ 2015ರಲ್ಲಿ ಕ್ರೆಡಿಟ್ಟಿಗೆ ಶೇಕಡಾ 0.3, ಡೆಬಿಟ್ಟಿಗೆ 0.2ರ ಮಿತಿ ವಿಧಿಸಿತು. ಅಮೆರಿಕ 2011ರಲ್ಲಿ ಕಡಿವಾಣ ಹಾಕಿದುದು ದೊಡ್ಡ ಬ್ಯಾಂಕುಗಳ ಡೆಬಿಟ್ ಕಾರ್ಡಿಗೆ ಮಾತ್ರ: 21 ಸೆಂಟು, ಅದರ ಮೇಲೆ ಅಲ್ಪ ಪ್ರಮಾಣ. ಜಾಲಗಳು ಆ ಮಿತಿಯನ್ನೇ ದರವಾಗಿಸಿದವು. ಹಿಂದೆ ಸಣ್ಣ ಮೊತ್ತಕ್ಕೆ ರಿಯಾಯಿತಿ ಪಡೆಯುತ್ತಿದ್ದ ಕಾಫಿ ಅಂಗಡಿಯವನಿಗೆ ಶುಲ್ಕ ಹೆಚ್ಚಿತು! ಕಾನೂನು ಮಾಡಿದವರು ಇದನ್ನು ಎಣಿಸಿರಲಾರರು.

ನಮ್ಮ ದೇಶ ಇನ್ನೂ ಮುಂದಕ್ಕೆ ಹೋಯಿತು. 2020ರ ಜನವರಿ 1ರಿಂದ ರುಪೇ ಡೆಬಿಟ್ ಕಾರ್ಡು ಮತ್ತು ಯುಪಿಐ ಪಾವತಿಗಳಿಗೆ ವರ್ತಕ ತೆರುವ ಶುಲ್ಕ ಸೊನ್ನೆಯಾಯಿತು. ಬೀದಿಬದಿಯ ತರಕಾರಿಯವಳಿಗೂ ಇದು ನಿಜವಾದ ಉಪಕಾರ. ಆದರೆ ಯಂತ್ರ, ತಂತಿ, ಲೆಕ್ಕಪತ್ರ, ವಂಚನೆಯ ಕಾವಲು ಇವುಗಳ ಖರ್ಚು ಸೊನ್ನೆಯಾಗಲಿಲ್ಲ. ಬ್ಯಾಂಕುಗಳು ಗೊಣಗಿದವು, 2021-22ರಿಂದ ಕೇಂದ್ರ ಸರ್ಕಾರ ಪ್ರೋತ್ಸಾಹಧನವೆಂಬ ಹೆಸರಿನಲ್ಲಿ ಬೊಕ್ಕಸದಿಂದಲೇ ಅದರ ಒಂದು ಭಾಗವನ್ನು ತುಂಬಿಕೊಡತೊಡಗಿತು.