ಕಾಯಿಲ್ ಕೈಕೊಟ್ರೆ ಎಂಜಿನ್‌ಗೆ ಕುತ್ತು: ಆರ್‌ಎಕ್ಸ್-8 ಕೊಳ್ಳೋ ಮುಂಚೆ, ಕೊಂಡ ಮೇಲೆ

ಇವತ್ತು ನಾವು ಮಾತಾಡ್ತಿರೋದು ಒಂದು ಪುಟ್ಟ ಸ್ಪೋರ್ಟ್ಸ್ ಕಾರಿನ ಬಗ್ಗೆ, ಅದರೊಳಗೆ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದಾದ ಒಂದು ಬಿಡಿಭಾಗದ ಬಗ್ಗೆ. ಕಾರು ಮಾಜ್ಡಾ ಆರ್‌ಎಕ್ಸ್-8. ಬಿಡಿಭಾಗ ಇಗ್ನಿಷನ್ ಕಾಯಿಲ್.

ಈ ಕಾರು ಜಪಾನಿನಲ್ಲಿ 2003ರಿಂದ 2012ರವರೆಗೆ ತಯಾರಾಯ್ತು. ನಮ್ಮ ದೇಶದ ಶೋರೂಮಿಗೆ ಬರಲೇ ಇಲ್ಲ. ಆದ್ರೆ ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾದಲ್ಲಿ ಓದ್ತಾ ಇರೋ, ಕೆಲಸ ಮಾಡ್ತಾ ಇರೋ ನಮ್ಮ ಕೇಳುಗರಿಗೆ ಸೆಕೆಂಡ್ ಹ್ಯಾಂಡ್ ಕಾರು ಹುಡುಕುವಾಗ ಇದು ಕಣ್ಣಿಗೆ ಬಿದ್ದಿರುತ್ತೆ. ನೋಡೋಕೆ ಚೆಂದ, ನಾಲ್ಕು ಜನ ಕೂರಬಹುದು, ಬೆಲೆಯೂ ಕಮ್ಮಿ. ಯಾಕೆ ಕಮ್ಮಿ ಅಂತ ಕೇಳಿದ್ರೆ ಒಂದೇ ಉತ್ತರ: "ಎಂಜಿನ್ ಬೇಗ ಹೋಗುತ್ತೆ." ಆ ಮಾತಲ್ಲಿ ನಿಜ ಇದೆ. ಆದ್ರೆ ಎಂಜಿನ್ ಹೋಗೋದಕ್ಕಿಂತ ಮುಂಚೆ ಕಾಯಿಲ್ ಹೋಗಿರೋ ಸಾಧ್ಯತೆ ಇದೆ ಅನ್ನೋದು ಎಷ್ಟೋ ಮಾಲೀಕರಿಗೆ ಗೊತ್ತಿರಲ್ಲ. ಸಣ್ಣ ಖರ್ಚಲ್ಲಿ ಮುಗೀಬೇಕಾದ ಕೆಲಸ ದೊಡ್ಡ ಖರ್ಚಾಗೋದು ಅಲ್ಲೇ.

ಮೊದಲು ಈ ಕಾರಿನ ಎಂಜಿನ್ ಬಗ್ಗೆ ಸ್ವಲ್ಪ. ಇದರಲ್ಲಿ ಪಿಸ್ಟನ್ ಇಲ್ಲ. ಪಿಸ್ಟನ್ ಜಾಗದಲ್ಲಿ ತ್ರಿಕೋನದ ಆಕಾರದ ಎರಡು ರೋಟರ್‌ಗಳು ತಿರುಗ್ತವೆ. ಒಟ್ಟು 1308 ಸಿಸಿ. ರೋಟರಿ ಎಂಜಿನ್ ಅಂತ ಕರೆಯೋದು ಇದನ್ನೇ. 1967ರ ಕಾಸ್ಮೊ ಸ್ಪೋರ್ಟ್ ಕಾರಿನಿಂದಲೂ ಮಾಜ್ಡಾ ಇದರ ಬೆನ್ನು ಹತ್ತಿದೆ. ಈ ಎಂಜಿನ್‌ನಲ್ಲಿ ಪೆಟ್ರೋಲ್ ಉರಿಯೋ ಜಾಗ ಉದ್ದವಾಗಿ, ಚಪ್ಪಟೆಯಾಗಿ ಇರುತ್ತೆ. ಒಂದೇ ಪ್ಲಗ್‌ನ ಕಿಡಿ ಆ ಉದ್ದಕ್ಕೆಲ್ಲ ಸಾಲಲ್ಲ. ಅದಕ್ಕೇ ಪ್ರತಿ ರೋಟರ್‌ಗೆ ಎರಡು ಪ್ಲಗ್: ಕೆಳಗೆ ಲೀಡಿಂಗ್, ಮೇಲೆ ಟ್ರೇಲಿಂಗ್. 1991ರಲ್ಲಿ ಲೆ ಮಾನ್ಸ್ ರೇಸ್ ಗೆದ್ದ ಮಾಜ್ಡಾ 787ಬಿ ಕಾರಿನಲ್ಲಂತೂ ಪ್ರತಿ ರೋಟರ್‌ಗೆ ಮೂರು ಪ್ಲಗ್ ಇದ್ದವು. ನಮ್ಮ ಆರ್‌ಎಕ್ಸ್-8ರಲ್ಲಿ ನಾಲ್ಕು ಪ್ಲಗ್, ಅವಕ್ಕೆ ನಾಲ್ಕು ಕಾಯಿಲ್.

ಈಗ ಕಾಯಿಲ್ ಏನ್ ಮಾಡುತ್ತೆ ನೋಡೋಣ. ಬ್ಯಾಟರಿಯಿಂದ ಬರೋದು 12 ವೋಲ್ಟ್. ಪ್ಲಗ್‌ನ ತುದೀಲಿ ಕಿಡಿ ಹಾರೋಕೆ ಬೇಕಾಗೋದು ಸಾವಿರಾರು ವೋಲ್ಟ್. ಕಾಯಿಲ್ ಒಳಗೆ ತಂತಿಯ ಎರಡು ಸುರುಳಿ ಇರ್ತವೆ. ಒಂದು ದಪ್ಪ ತಂತಿಯ, ಕಮ್ಮಿ ಸುತ್ತಿನದು. ಇನ್ನೊಂದು ಕೂದಲೆಳೆಯಂಥ ತಂತಿಯ, ಸಾವಿರಾರು ಸುತ್ತಿನದು. ಮೊದಲನೇ ಸುರುಳಿಗೆ ಕರೆಂಟ್ ಹರಿಸಿ, ಥಟ್ಟಂತ ನಿಲ್ಲಿಸಿದ್ರೆ ಎರಡನೆಯದರಲ್ಲಿ ಭಾರೀ ವೋಲ್ಟೇಜ್ ಹುಟ್ಟುತ್ತೆ. ಆ ಕರೆಂಟ್ ಹರಿಸೋ ಸಮಯಕ್ಕೆ ಡ್ವೆಲ್ ಅಂತಾರೆ. ಈ ಪದ ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಸಾಮಾನ್ಯ ಫೋರ್ ಸ್ಟ್ರೋಕ್ ಕಾರಿನಲ್ಲಿ ಪ್ಲಗ್‌ಗೊಂದು ಕಾಯಿಲ್ ಇದ್ರೆ, ಎಂಜಿನ್ ಎರಡು ಸುತ್ತು ತಿರುಗಿದಾಗ ಅದು ಒಂದು ಸಲ ಕಿಡಿ ಕೊಡುತ್ತೆ. 6000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50 ಸಲ. ರೋಟರಿಯಲ್ಲಿ ಪ್ರತಿ ಸುತ್ತಿಗೂ ಕಿಡಿ ಬೇಕು. ಆರ್‌ಎಕ್ಸ್-8ರ ಹೆಚ್ಚು ಪವರ್ ಇರೋ ಮ್ಯಾನ್ಯುಯಲ್ ಗಾಡಿ 9000 ಆರ್‌ಪಿಎಂ ಮುಟ್ಟುತ್ತೆ. ಅಲ್ಲಿ ಪ್ರತಿ ಕಾಯಿಲ್ ಸೆಕೆಂಡಿಗೆ 150 ಸಲ ಕಿಡಿ ಕೊಡಬೇಕು. ಮೂರು ಪಟ್ಟು ದುಡಿಮೆ, ಜತೆಗೆ ಬಾನೆಟ್ ಒಳಗಿನ ಬಿಸಿ. ಹಾಗಾಗಿ ಈ ಕಾರಿನಲ್ಲಿ ಕಾಯಿಲ್ ಅನ್ನೋದು ಟೈರ್ ಥರ, ಬ್ರೇಕ್ ಪ್ಯಾಡ್ ಥರ ಸವೆಯೋ ವಸ್ತು. 30-40 ಸಾವಿರ ಮೈಲಿಗೆ ಬದಲಾಯಿಸಿಬಿಡಿ ಅನ್ನೋದು ಹಳೇ ಮಾಲೀಕರ ಮಾತು.

ಕಾಯಿಲ್ ಒಂದೇ ಸಲ ಸಾಯೋದು ಕಮ್ಮಿ. ಮೆಲ್ಲಗೆ ಬಡವಾಗುತ್ತೆ. ಐಡಲ್‌ನಲ್ಲಿ ಗಾಡಿ ನಡುಗುತ್ತೆ. ಆಕ್ಸಿಲರೇಟರ್ ಜೋರಾಗಿ ಒತ್ತಿದ್ರೆ ಮಿಸ್ಸಿಂಗ್ ಬರುತ್ತೆ, ಜರ್ಕ್ ಹೊಡೆಯುತ್ತೆ, ಪಿಕಪ್ ಇರಲ್ಲ. ಮೊದಲೇ ಕಮ್ಮಿ ಇರೋ ಮೈಲೇಜ್ ಇನ್ನೂ ಇಳಿಯುತ್ತೆ. ಸೈಲೆನ್ಸರ್ ಹತ್ರ ಪೆಟ್ರೋಲ್ ವಾಸನೆ ಬರುತ್ತೆ. ಇನ್ನೊಂದು ಮೋಸ ಏನಂದ್ರೆ, ಟ್ರೇಲಿಂಗ್ ಕಾಯಿಲ್ ಹೋದ್ರೂ ಲೀಡಿಂಗ್ ಪ್ಲಗ್ ಗಾಡಿ ಎಳ್ಕೊಂಡು ಹೋಗುತ್ತೆ. ಕೆಲವು ಸಲ ಯಾವ ವಾರ್ನಿಂಗ್ ಲೈಟೂ ಬರಲ್ಲ.

ಅಪಾಯ ಇರೋದು ಇಲ್ಲೇ. ಉರಿಯದ ಪೆಟ್ರೋಲ್ ಸೀದಾ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿಯುತ್ತೆ. ಅದರ ಒಳಗೆ ಜೇನುಗೂಡಿನ ಹಾಗಿರೋ ಸೆರಾಮಿಕ್ ಕರಗಿ, ಹೊಗೆ ಹೋಗೋ ದಾರಿ ಕಟ್ಕೊಳ್ಳುತ್ತೆ. ಹೊರಗೆ ಹೋಗಬೇಕಾದ ಬಿಸಿ ಎಂಜಿನ್‌ನಲ್ಲೇ ಉಳಿಯುತ್ತೆ. ರೋಟರಿ ಎಂಜಿನ್‌ನ ಜೀವ ಇರೋದು ರೋಟರ್ ಅಂಚಿನ ಸೀಲ್‌ಗಳಲ್ಲಿ, ಆ ಸೀಲ್‌ಗಳಿಗೆ ಬಿಸಿ ಅಂದ್ರೆ ಆಗಲ್ಲ. ಆದ್ದರಿಂದ ಚೆಕ್ ಎಂಜಿನ್ ಲೈಟ್ ಮಿಟುಕೋಕೆ ಶುರುವಾದ್ರೆ "ಮನೆ ತಲುಪಿ ನೋಡೋಣ" ಅನ್ಬೇಡಿ. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗದಲ್ಲಿ ಗಾಡಿ ನಿಲ್ಲಿಸಿ.

ಸರಿ, ಪತ್ತೆ ಹಚ್ಚೋದು ಹೇಗೆ? ಒಂದು ಸಾದಾ ಓಬಿಡಿ ಸ್ಕ್ಯಾನರ್ ಸಾಕು, ಬ್ಲೂಟೂತ್ ಮೂಲಕ ಫೋನಿಗೇ ಕನೆಕ್ಟ್ ಆಗುತ್ತೆ. ಪಿ0301 ಬಂದ್ರೆ ಮುಂದಿನ ರೋಟರ್‌ನಲ್ಲಿ ಮಿಸ್ಸಿಂಗ್. ಪಿ0302 ಬಂದ್ರೆ ಹಿಂದಿನ ರೋಟರ್‌ನಲ್ಲಿ. ಪಿ0300 ಬಂದ್ರೆ ಇಂಥದ್ದೇ ಕಡೆ ಅಂತ ಹೇಳೋಕಾಗಲ್ಲ.

ಪಿ0301 ಬಂದಿದೆ ಅಂದ್ಕೊಳ್ಳಿ. ಎಂಜಿನ್ ಆಫ್ ಮಾಡಿ, ಪೂರ್ತಿ ತಣ್ಣಗಾಗಲಿ, ಬ್ಯಾಟರಿ ನೆಗೆಟಿವ್ ಬಿಚ್ಚಿ. ನಾಲ್ಕೂ ಕಾಯಿಲ್ ಒಂದೇ ಥರದವು. ಮುಂದಿನ ಲೀಡಿಂಗ್ ಕಾಯಿಲನ್ನ ಹಿಂದಕ್ಕೆ, ಹಿಂದಿನದನ್ನ ಮುಂದಕ್ಕೆ ಹಾಕಿ. ವೈರ್, ಪ್ಲಗ್ ಯಾವುದನ್ನೂ ಅದಲುಬದಲು ಮಾಡಬೇಡಿ. ಕೋಡ್ ಅಳಿಸಿ, ಗಾಡಿ ಓಡಿಸಿ. ಈಗ ಪಿ0302 ಬಂತಾ? ರೋಗ ಕಾಯಿಲ್ ಜತೆಗೇ ಜಾಗ ಬದಲಾಯಿಸಿದೆ, ಕಳ್ಳ ಸಿಕ್ಕಿಬಿದ್ದ. ಮತ್ತೆ ಪಿ0301 ಬಂದ್ರೆ ಟ್ರೇಲಿಂಗ್ ಜೋಡಿಯನ್ನೂ ಹೀಗೇ ನೋಡಿ. ಆಗಲೂ ಕೋಡ್ ಕದಲದಿದ್ರೆ ವೈರ್ ನೋಡಿ, ಆಮೇಲೆ ಪ್ಲಗ್. ಒಂದು ಎಚ್ಚರ: ಲೀಡಿಂಗ್ ಪ್ಲಗ್ ಬೇರೆ, ಟ್ರೇಲಿಂಗ್ ಪ್ಲಗ್ ಬೇರೆ. ಒಂದರ ಜಾಗಕ್ಕೆ ಇನ್ನೊಂದನ್ನ ಹಾಕಬಾರದು.

ಮಲ್ಟಿಮೀಟರ್ ಹಿಡಿದು "ರೆಸಿಸ್ಟೆನ್ಸ್ ಸರಿ ಇದೆ, ಕಾಯಿಲ್ ಚೆನ್ನಾಗಿದೆ" ಅನ್ನೋರನ್ನ ಪೂರ್ತಿ ನಂಬಬೇಡಿ. ತಣ್ಣಗಿದ್ದಾಗ ಪಾಸಾದ ಕಾಯಿಲ್ ಬಿಸಿಯಾಗಿ, ಲೋಡ್ ಬಿದ್ದಾಗ ಫೇಲಾಗಬಹುದು. ಕಿಡಿ ನೋಡಲೇಬೇಕು ಅಂದ್ರೆ ಸ್ಪಾರ್ಕ್ ಟೆಸ್ಟರ್ ಬಳಸಿ. ಎಂಜಿನ್ ಓಡ್ತಿರುವಾಗ ವೈರ್ ಕೈಯಲ್ಲಿ ಹಿಡಿಯೋ ಸಾಹಸ ಬೇಡ.

ಇನ್ನು ಎಲ್ಲರೂ ಕೇಳೋ ಪ್ರಶ್ನೆ, ಅಪ್‌ಗ್ರೇಡ್. ಆರ್‌ಎಕ್ಸ್-8 ಮಾಲೀಕರಲ್ಲಿ ಹೆಸರಾಗಿರೋದು ಎಲ್‌ಎಸ್ ಕಾಯಿಲ್. ಇವು ಜನರಲ್ ಮೋಟರ್ಸ್‌ನ ಎಲ್‌ಎಸ್ ವಿ8 ಎಂಜಿನ್‌ಗಳಿಗೆ ಅಂತ ಮಾಡಿದ್ದು. ಸ್ವಲ್ಪ ದಪ್ಪ, ಕಿಡಿಯಲ್ಲಿ ಶಕ್ತಿ ಜಾಸ್ತಿ. ಆದ್ರೆ ತೆಗೆದು ಹಾಕಿದ್ರೆ ಮುಗೀಲಿಲ್ಲ. ಬ್ರಾಕೆಟ್ ಬೇರೆ, ಕನೆಕ್ಟರ್ ಬೇರೆ, ಪ್ಲಗ್ ವೈರ್ ಬೇರೆ. ಗ್ರೌಂಡ್ ವೈರ್ ಗಟ್ಟಿಯಾಗಿ ಕೂರಬೇಕು. ಆಗ ಹೇಳಿದ ಡ್ವೆಲ್ ಇಲ್ಲಿ ಬರುತ್ತೆ: ಈ ಕಾಯಿಲ್ ಪೂರ್ತಿ ಶಕ್ತಿ ಕೊಡೋಕೆ ಹೆಚ್ಚು ಡ್ವೆಲ್ ಕೇಳುತ್ತೆ. ಕಮ್ಮಿ ಕೊಟ್ರೆ ಹಾಕಿದ ದುಡ್ಡಿಗೆ ತಕ್ಕ ಕಿಡಿ ಸಿಗಲ್ಲ, ಅತಿಯಾಗಿ ಕೊಟ್ರೆ ಕಾಯಿಲ್ ಸುಟ್ಟುಹೋಗುತ್ತೆ. ಅದನ್ನ ಇಸಿಯುನಲ್ಲಿ ಹೊಂದಿಸೋಕೆ ರೋಟರಿ ಬಲ್ಲ ಟ್ಯೂನರ್ ಬೇಕು. ಆನ್‌ಲೈನ್‌ನಲ್ಲಿ ಅರ್ಧ ಬೆಲೆಗೆ ಸಿಗೋ ನಕಲಿ ಎಲ್‌ಎಸ್ ಕಾಯಿಲ್‌ಗಿಂತ ಕಂಪನಿಯ ಹೊಸ ಕಾಯಿಲೇ ವಾಸಿ.

ಪವರ್ ಏರುತ್ತಾ? ಇರೋ ಕಾಯಿಲ್ ಆರೋಗ್ಯವಾಗಿದ್ರೆ, ಇಲ್ಲ ಅಂತಾನೇ ತಿಳ್ಕೊಳ್ಳಿ. ಕಾಯಿಲ್ ಬದಲಾಯಿಸಿದ ಮೇಲೆ "ಗಾಡಿ ಹಾರ್ತಾ ಇದೆ" ಅಂತ ಅನ್ನಿಸೋದು ಕಳೆದುಹೋಗಿದ್ದ ಪವರ್ ವಾಪಸ್ ಬಂದಿದ್ದಕ್ಕೆ. ಟರ್ಬೊ ಹಾಕಿಸೋರಿಗೆ, ಟ್ರ್ಯಾಕ್‌ನಲ್ಲಿ ಓಡಿಸೋರಿಗೆ ಎಲ್‌ಎಸ್ ಕಾಯಿಲ್‌ಗೆ ಅರ್ಥ ಇದೆ. ಆಫೀಸಿಗೆ ಹೋಗಿ ಬರೋರಿಗೆ ಹೊಸ ಕಾಯಿಲ್, ಹೊಸ ವೈರ್, ಹೊಸ ಪ್ಲಗ್ ಧಾರಾಳ ಸಾಕು.

ಕೊನೆಯದಾಗಿ, ಕೊಳ್ಳೋರಿಗೆ. ಗಾಡಿ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಾದ ಮೇಲೆ ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದಾಗ ಸತಾಯಿಸಿದ್ರೆ, ಕಂಪ್ರೆಷನ್ ಹೋಗಿರೋ ಅನುಮಾನ ಬರಬೇಕು. ಅದಕ್ಕೆ ಯಾವ ಕಾಯಿಲೂ ಮದ್ದಲ್ಲ. ಮಾರೋರು "ಬರೀ ಕಾಯಿಲ್ ಪ್ರಾಬ್ಲಂ, ಹಾಕಿಸಿದ್ರೆ ಸರಿಹೋಗುತ್ತೆ" ಅಂದ್ರೆ ನಗ್ತಾ ಒಂದೇ ಮಾತು ಹೇಳಿ: "ಹಾಗಾದ್ರೆ ನೀವೇ ಹಾಕಿಸಿ ಕೊಡಿ, ಆಮೇಲೆ ನೋಡ್ತೀನಿ." ಜತೆಗೆ ರೋಟರಿ ಎಂಜಿನ್‌ಗೇ ಅಂತ ಇರೋ ಟೆಸ್ಟರ್‌ನಿಂದ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಎರಡು ರೋಟರ್, ಒಂದೊಂದಕ್ಕೆ ಮೂರು ಮುಖ, ಒಟ್ಟು ಆರು ರೀಡಿಂಗ್ ಕಾಗದದ ಮೇಲೆ ಕೇಳಿ. ಆರೂ ಸರಿಯಿದ್ರೆ ಮುಂದುವರಿಯಿರಿ.

ಆರ್‌ಎಕ್ಸ್-8 ಇಲ್ಲದ, ನಮ್ಮೂರಲ್ಲೇ ಪೆಟ್ರೋಲ್ ಕಾರು ಓಡಿಸೋರೂ ಇಷ್ಟು ನೆನಪಿಟ್ಕೊಳ್ಳಿ: ಚೆಕ್ ಎಂಜಿನ್ ಲೈಟ್ ಸುಮ್ಮನೆ ಉರೀತಿದ್ರೆ ಬೇಗ ತೋರಿಸಿ, ಮಿಟುಕ್ತಾ ಇದ್ರೆ ಆಗಲೇ ನಿಲ್ಲಿಸಿ. ಕಾಯಿಲ್ ಅದಲುಬದಲು ಮಾಡಿ ನೋಡೋ ಉಪಾಯ ಪ್ಲಗ್‌ಗೊಂದು ಕಾಯಿಲ್ ಇರೋ ನಿಮ್ಮ ಕಾರಿಗೂ ನಡೆಯುತ್ತೆ. ಇವತ್ತಿಗೆ ಇಷ್ಟು.