ನಮ್ಮ ಜಾಗದ ಮರ, ನಮ್ಮ ಬದಿಯ ತೋಡು: ಕಾನೂನಿಗೆ ಹೆದರಿ ಗಿಡ ಕೀಳುವುದು ಬೇಡ

(ಸ್ವ-ಸಹಾಯ ಸಂಘಗಳ ಸದಸ್ಯೆಯರ ಮಾಹಿತಿ ಶಿಬಿರದಲ್ಲಿ ಸಂಸ್ಥೆಯ ಕಾರ್ಯಕರ್ತರ ಪರವಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ, ಆಡಿಟ್ ಇವುಗಳ ಬಗ್ಗೆ ನಾವು ಬೇಕಾದಷ್ಟು ಮಾತಾಡಿದ್ದೇವೆ. ಇವತ್ತಿನ ವಿಷಯ ನಿಮ್ಮ ಅಂಗಳದ ಆಚೆ ಇರುವ ಎರಡು ಸಂಗತಿ: ಮರ ಮತ್ತು ತೋಡು. ಇದಕ್ಕೂ ಸಂಘಕ್ಕೂ ಎಂತ ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಾಲದ ಕಂತು ಕಟ್ಟಲಿಕ್ಕೆ ಆಗದಿದ್ದಾಗ, ಮಗಳ ಕಾಲೇಜಿನ ಫೀಸಿಗೆ ಹಣ ಸಾಲದಾದಾಗ ನಮ್ಮ ಕಣ್ಣು ಮೊದಲು ಹೋಗುವುದು ಎಲ್ಲಿಗೆ? ತೋಟದ ಬದಿಯ ಹಲಸಿನ ಮರಕ್ಕೆ. ಮರ ಎಂದರೆ ನಮ್ಮ ಕಡೆಯ ಹೆಂಗಸರಿಗೆ ಕಷ್ಟಕಾಲದ ಠೇವಣಿ ಇದ್ದ ಹಾಗೆ.

ಸಂಘಗಳ ಭೇಟಿಗೆ ಹೋದಾಗೆಲ್ಲ ನಾವು ಒಂದು ಮಾತು ಕೇಳುತ್ತೇವೆ. "ಮರ ದೊಡ್ಡದಾದ್ರೆ ಫಾರೆಸ್ಟಿನವರದ್ದಾಗ್ತದೆ, ಸಣ್ಣ ಇರುವಾಗಲೇ ಕಿತ್ತು ಬಿಸಾಡ್ಲಿಕ್ಕೆ ಹೇಳಿದ್ದಾರೆ ನಮ್ಮ ಯಜಮಾನ್ರು." ಹಕ್ಕಿ ಬೀಜ ಹಾಕಿ ತಾನಾಗಿಯೇ ಹುಟ್ಟಿದ ಗಂಧದ ಗಿಡ, ಬೀಟೆ ಗಿಡ, ಹೆಬ್ಬಲಸಿನ ಗಿಡ ಹೀಗೆ ಕತ್ತಿಯ ಬಾಯಿಗೆ ಹೋಗುತ್ತವೆ. ಮರ ಉಳಿಸಬೇಕು ಅಂತ ಮಾಡಿದ ಕಾನೂನಿನ ಹೆದರಿಕೆಯಿಂದಲೇ ಗಿಡ ಸಾಯುವುದಾದರೆ ಎಲ್ಲೋ ಎಡವಟ್ಟಾಗಿದೆ. ಇಲಾಖೆಯವರು ಹಳ್ಳಿಗೆ ಬಂದು ಸರಿಯಾಗಿ ತಿಳಿಸಿ ಹೇಳಿದ್ದು ಕಡಿಮೆ, ನಾವು ಹೋಗಿ ಕೇಳಿದ್ದೂ ಕಡಿಮೆ. ಈ ಎರಡರ ಮಧ್ಯೆ ಮರದ ವ್ಯಾಪಾರಿ ಮಾತ್ರ ಎಲ್ಲ ಬಲ್ಲವನಾಗಿ ನಿಂತಿದ್ದಾನೆ.

ಮೊದಲು ಗಂಧದ ವಿಷಯ ಹೇಳಿಬಿಡುತ್ತೇವೆ. ಹಿಂದೆ ನಿಮ್ಮ ಜಾಗದಲ್ಲಿ ಬೆಳೆದರೂ ಶ್ರೀಗಂಧದ ಮರ ಸರ್ಕಾರದ ಸೊತ್ತು ಆಗಿತ್ತು. ಕಾವಲು ನಮ್ಮದು, ಕಳ್ಳ ಕಡಿದರೆ ವಿಚಾರಣೆ ನಮಗೆ, ಮರ ಮಾತ್ರ ನಮ್ಮದಲ್ಲ. ಹಾಗಿರುವಾಗ ಯಾರು ಬೆಳೆಸುತ್ತಾರೆ? 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿಯಾಗಿ, ಜಾಗದ ಹಕ್ಕುದಾರರಿಗೇ ಗಂಧದ ಮರದ ಹಕ್ಕು ಬಂತು. ಕಡಿಯಲು ಅನುಮತಿ ಬೇಕು, ಕಂಡಕಂಡವರಿಗೆ ಮಾರುವಂತಿಲ್ಲ, ಅದು ಬೇರೆ. ಆದರೆ ಮರ ನಿಮ್ಮದು. ಇಷ್ಟು ವರ್ಷ ಕಳೆದರೂ ಹಳೇ ಹೆದರಿಕೆ ಇನ್ನೂ ಹೋಗಿಲ್ಲ.

ಇನ್ನು ಉಳಿದ ಮರಗಳಿಗೆ ಬರುವ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಪ್ರಕಾರ ನಮ್ಮ ಸ್ವಂತ ವರ್ಗ ಜಾಗದ ಮರ ಕಡಿಯಲಿಕ್ಕೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ವೃಕ್ಷ ಅಧಿಕಾರಿ ಅಂದರೆ ಅರಣ್ಯ ಇಲಾಖೆಯ ಅಧಿಕಾರಿಯೇ. ನಿಮ್ಮ ವಲಯ ಅರಣ್ಯ ಕಚೇರಿ, ನಾವು ರೇಂಜ್ ಆಫೀಸು ಅಂತ ಹೇಳುವುದು, ಅಲ್ಲಿ ವಿಚಾರಿಸಿದರೆ ಯಾರು ಅಂತ ಗೊತ್ತಾಗುತ್ತದೆ. ಕೆಲವು ಮರಗಳಿಗೆ ಈ ಅನುಮತಿ ಬೇಡ. ತೆಂಗು, ರಬ್ಬರ್, ಗಾಳಿಮರ, ನೀಲಗಿರಿ, ಸಿಲ್ವರ್ ಓಕ್, ಸುಬಾಬುಲ್, ಗೊಬ್ಬರದ ಗಿಡ ಗ್ಲಿರಿಸಿಡಿಯಾ ಇವೆಲ್ಲ ಆ ಪಟ್ಟಿಯಲ್ಲಿ ಮೊದಲಿನಿಂದಲೂ ಇವೆ. ಆಮೇಲೆ ಪಟ್ಟಿ ಉದ್ದ ಆಗಿದೆ. ಆದ ಕಾರಣ ನಿಮ್ಮ ಮರ ಪಟ್ಟಿಯಲ್ಲಿ ಉಂಟಾ ಇಲ್ವಾ ಅಂತ ಕಡಿಯುವ ಮೊದಲು ಕೇಳಿ. ಕಡಿದ ಮೇಲೆ ಕೇಳಿದರೆ ಅದು ವಿಚಾರಣೆ ಅಲ್ಲ, ತಪ್ಪೊಪ್ಪಿಗೆ ಆಗುತ್ತದೆ!

ಕಡಿಯುವುದು ಅಂದರೆ ಕೊಡಲಿ ಹಾಕುವುದು ಮಾತ್ರ ಅಂತ ತಿಳಿಯಬೇಡಿ. ಬುಡದ ಸುತ್ತ ತೊಗಟೆ ಸುಲಿದು ಮರ ಒಣಗಿಸುವುದು, ಬುಡಕ್ಕೆ ಬೆಂಕಿ ಹಾಕುವುದು, ತೂತು ಕೊರೆದು ಮದ್ದು ಹೊಯ್ಯುವುದು ಇವೆಲ್ಲವನ್ನೂ ಕಾಯಿದೆ ಕಡಿದ ಲೆಕ್ಕಕ್ಕೇ ಸೇರಿಸಿದೆ. "ಅದು ತಾನಾಗಿ ಒಣಗಿದ್ದು ಸಾರ್" ಅನ್ನುವ ಉಪಾಯ ಗಾರ್ಡಿಗೆ ನಮಗಿಂತ ಮೊದಲೇ ಗೊತ್ತು.

ಅದೇ ಕಾಯಿದೆಯಲ್ಲಿ ನಮಗೆ ಅನುಕೂಲವಾದ ಮಾತೂ ಉಂಟು, ಅದನ್ನು ಯಾರೂ ಹೇಳುವುದಿಲ್ಲ. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಬಿದ್ದ ಮರ, ಸಿಡಿಲು ಬಡಿದ ಮರ, ಮನೆಗೆ ಅಥವಾ ಜೀವಕ್ಕೆ ಅಪಾಯ ತರುವ ಮರ ಇಂಥದ್ದಕ್ಕೆ ಅನುಮತಿ ನಿರಾಕರಿಸಬಾರದು ಅಂತ ಕಾಯಿದೆಯೇ ಹೇಳುತ್ತದೆ. ಹಳ್ಳಿಯವರು ಸೌದೆಗೆ, ಮೇವಿಗೆ, ನೇಗಿಲು ನೊಗಕ್ಕೆ, ಮನೆಬಳಕೆಗೆ ನಿಜವಾಗಿ ಬೇಕು ಅಂತ ಕೇಳಿದರೂ ಹಾಗೆಯೇ. ಮಾಡಿನ ಮೇಲೆ ವಾಲಿದ ಮರ ಇದ್ದರೆ ಜೂನ್ ತಿಂಗಳಲ್ಲಿ ಮಳೆಗಾಳಿಗೆ ಜಪಮಾಲೆ ಹಿಡಿದು ಕೂರುವುದಕ್ಕಿಂತ ಮಾರ್ಚಿನಲ್ಲೇ ಒಂದು ಅರ್ಜಿ ಕೊಡಿ. ಮೊಬೈಲಿನಲ್ಲಿ ಮರದ ಫೋಟೋ ತೆಗೆದಿಡಿ. ಅರ್ಜಿ ಕೊಟ್ಟ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ಕೇಳಿ ತೆಗೆದುಕೊಳ್ಳಿ. ಅನುಮತಿ ಇಲ್ಲ ಅಂದರೆ ಅದನ್ನು ಬರವಣಿಗೆಯಲ್ಲಿ ಕೊಡಲು ಹೇಳಿ, ಮೇಲ್ಮನವಿಗೆ ಅವಕಾಶ ಇದೆ. ಬಾಯಿಮಾತಿನ "ಆಗೋದಿಲ್ಲ ಅಮ್ಮ, ಹೋಗಿ" ಎನ್ನುವುದಕ್ಕೆ ಎಲ್ಲಿಯೂ ಮೇಲ್ಮನವಿ ಇಲ್ಲ.

ಅರ್ಜಿಯ ಜೊತೆ ಆರ್‌ಟಿಸಿ, ಜಾಗದ ನಕ್ಷೆ, ಸರ್ವೆ ನಂಬ್ರ, ಮರ ಯಾವುದು, ಎಷ್ಟು, ಸುತ್ತಳತೆ ಎಷ್ಟು, ಯಾಕೆ ಕಡಿಯುವುದು ಇಷ್ಟು ಬೇಕು. ನಿಜವಾದ ತೊಂದರೆ ಶುರುವಾಗುವುದು ಇಲ್ಲಿ. ಆರ್‌ಟಿಸಿಯಲ್ಲಿ ಯಾರ ಹೆಸರು ಉಂಟು? ಕೈ ಎತ್ತಿ ಅಂತ ನಾವು ಹೇಳುವುದಿಲ್ಲ, ನಿಮಗೇ ಗೊತ್ತು. ಗಂಡ ತೀರಿಹೋಗಿ ಹತ್ತು ವರ್ಷವಾದರೂ ಖಾತೆ ಇನ್ನೂ ಅವರ ಹೆಸರಿನಲ್ಲೋ ಮಾವನ ಹೆಸರಿನಲ್ಲೋ ಇರುವ ಮನೆಗಳು ಪ್ರತಿ ಸಂಘದಲ್ಲೂ ಇವೆ. ಮರ ನೆಟ್ಟದ್ದು ಅವಳು, ನೀರು ಹೊತ್ತದ್ದು ಅವಳು, ಅರ್ಜಿ ಹಾಕಲಿಕ್ಕೆ ಮಾತ್ರ ಅವಳ ಹೆಸರಿಲ್ಲ. ಆದುದರಿಂದ ಮರದ ಕಾನೂನಿಗಿಂತ ಮೊದಲಿನ ಕೆಲಸ ಪೌತಿ ಖಾತೆ ಮಾಡಿಸುವುದು. ಮರಣ ಪ್ರಮಾಣಪತ್ರ, ವಂಶವೃಕ್ಷ ಹಿಡಿದು ಗ್ರಾಮ ಆಡಳಿತ ಅಧಿಕಾರಿಯನ್ನು, ಅಂದರೆ ಮೊದಲು ಗ್ರಾಮಲೆಕ್ಕಿಗರು ಅನ್ನುತ್ತಿದ್ದವರನ್ನು ಕಾಣಬೇಕು. ನಮ್ಮ ಕ್ರೈಸ್ತ ಸಹೋದರಿಯರಿಗೆ ಒಂದು ಮಾತು: 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ ಪ್ರಕಾರ ಗಂಡ ವಿಲ್ ಬರೆಯದೆ ತೀರಿಕೊಂಡು ಮಕ್ಕಳಿದ್ದರೆ ಹೆಂಡತಿಗೆ ಮೂರರಲ್ಲಿ ಒಂದು ಪಾಲು, ಉಳಿದದ್ದು ಗಂಡು ಹೆಣ್ಣು ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಹಿಂದೂ ಕುಟುಂಬಗಳಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳ ಸಮ ಹಕ್ಕು ಅಂತ 2005ರ ತಿದ್ದುಪಡಿ ಹೇಳಿದೆ. ಜಂಟಿ ಖಾತೆಯಾದರೆ ಎಲ್ಲರ ಒಪ್ಪಿಗೆ ಬೇಕು.

ನಾವು ಕಂಡ ಒಂದು ಘಟನೆ ಹೇಳುತ್ತೇವೆ, ಹೆಸರು ಬೇಡ. ಮಗಳನ್ನು ನರ್ಸಿಂಗಿಗೆ ಸೇರಿಸಲು ಹಣ ಬೇಕಾಗಿ ಒಬ್ಬ ಸದಸ್ಯೆ ಮೂರು ಮರ ಮಾರಿದರು. ವ್ಯಾಪಾರಿ "ಪೇಪರೆಲ್ಲ ನಾನು ನೋಡಿಕೊಳ್ತೇನೆ ಅಕ್ಕ, ನೀವೊಂದು ಸೈನ್ ಹಾಕಿ ಸಾಕು" ಅಂದ. ಮುಂಗಡ ಅಂತ ಸ್ವಲ್ಪ ಹಣ ಕೊಟ್ಟ. ರಾತ್ರಿ ಲಾರಿ ಹೋಯಿತು, ದಾರಿಯಲ್ಲಿ ಹಿಡಿದರು. ರಹದಾರಿ ಇರಲಿಲ್ಲ. ಅಳತೆ ಮಾಡಿ ನೋಡಿದರೆ ಮೂರರಲ್ಲಿ ಒಂದು ಮರ ಇದ್ದದ್ದು ವರ್ಗದಲ್ಲಿ ಅಲ್ಲ, ಕುಮ್ಕಿಯಲ್ಲಿ. ವ್ಯಾಪಾರಿಯ ಫೋನು ಸ್ವಿಚ್ ಆಫ್. ಖಾಲಿ ಕಾಗದದ ಸೈನ್ ಮಾತ್ರ ಅಕ್ಕನದ್ದು. ಕೇಸು, ದಂಡ, ವಕೀಲರ ಫೀಸು ಎಲ್ಲ ಸೇರಿ ಮರದ ಹಣಕ್ಕಿಂತ ಹೆಚ್ಚು ಹೋಯಿತು. ಮಗಳ ಸೀಟಿಗೆ ಕೊನೆಗೆ ಸಂಘದಿಂದಲೇ ಸಾಲ ಕೊಡಬೇಕಾಯಿತು.

ಕುಮ್ಕಿ ಅಂದರೆ ವರ್ಗ ಜಾಗದ ಸುತ್ತ 100 ಗಜದ ಒಳಗಿನ ಸರ್ಕಾರಿ ಭೂಮಿ. ಅದರಲ್ಲಿ ಸೊಪ್ಪು, ತರಗೆಲೆ, ಸೌದೆ, ದನ ಮೇಯಿಸುವ ಸವಲತ್ತು ನಮಗೆ ಹಿಂದಿನಿಂದ ಬಂದದ್ದು. 1964ರ ಭೂಕಂದಾಯ ಕಾಯಿದೆಯೂ ಅದನ್ನು ಒಪ್ಪಿದೆ. ಆದರೆ ಸವಲತ್ತು ಬೇರೆ, ಹಕ್ಕು ಬೇರೆ. ಕುಮ್ಕಿಯ ಮರ ಮಾರುವ ಹಾಗಿಲ್ಲ. ದರ್ಖಾಸ್ತಿನಲ್ಲಿ ಅಥವಾ ಅಕ್ರಮ ಸಕ್ರಮದಲ್ಲಿ ಮಂಜೂರಾದ ಜಾಗ ಇರುವವರು ಮಂಜೂರಾತಿ ಆದೇಶದಲ್ಲಿ ಮರಗಳ ಬಗ್ಗೆ ಎಂತ ಷರತ್ತು ಬರೆದಿದ್ದಾರೆ ಅಂತ ಮಕ್ಕಳ ಹತ್ತಿರವಾದರೂ ಓದಿಸಿ. ಕಡಿಯಲು ಅನುಮತಿ ಒಂದು, ಸಾಗಿಸಲು ರಹದಾರಿ ಇನ್ನೊಂದು. ಎರಡರ ನಕಲೂ ನಿಮ್ಮ ಕೈಯಲ್ಲಿ ಇರಬೇಕು, ವ್ಯಾಪಾರಿಯ ಕಿಸೆಯಲ್ಲಿ ಅಲ್ಲ. ಖಾಲಿ ಕಾಗದಕ್ಕೆ ಸೈನ್ ಹಾಕಬಾರದು ಅಂತ ಬ್ಯಾಂಕಿನ ವಿಷಯದಲ್ಲಿ ನಾವೇ ನಿಮಗೆ ಕಲಿಸಿದ್ದು, ಮರದ ವಿಷಯದಲ್ಲೂ ಅದೇ.

ಈಗ ತೋಡು. ನಮ್ಮ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದು ಮುಗಿಯುತ್ತದೆ. ಫೆಬ್ರವರಿಯಲ್ಲಿ ಒಣಗಿದ ತೋಡು ನೋಡಿದರೆ ಸುಮ್ಮನೆ ಬಿದ್ದ ಜಾಗದ ಹಾಗೆ ಕಾಣುತ್ತದೆ. ಎರಡು ಲೋಡು ಮಣ್ಣು ಹಾಕಿದರೆ ಹತ್ತು ಅಡಿಕೆ ಸಸಿ ಹೆಚ್ಚು ಇಡಬಹುದು, ಒಂದು ಗೋಡೆ ಕಟ್ಟಿದರೆ ಅಂಗಳ ಅಗಲ ಆಗುತ್ತದೆ. ಜುಲೈಯಲ್ಲಿ ನೀರು ತನ್ನ ದಾರಿ ಹುಡುಕಿಕೊಂಡು ಬರುತ್ತದೆ. ಸಿಗದಿದ್ದರೆ ಕೆಳಗಿನ ಮನೆಯ ಬಚ್ಚಲಿಗೆ, ಬಾವಿಗೆ, ಗದ್ದೆಗೆ ನುಗ್ಗುತ್ತದೆ. 2018ರ ಮೇ 29ರಂದು ಮಂಗಳೂರು ಪೇಟೆ ನೀರಿನಲ್ಲಿ ಮುಳುಗಿದ್ದು ನೆನಪಿರಬಹುದು. ಅಂದು ಬಂದದ್ದು ದೊಡ್ಡ ಮಳೆಯೇ. ಆದರೆ ರಾಜಕಾಲುವೆಗಳು ಕಿರಿದಾಗಿ, ಕಸ ತುಂಬಿ ನೀರು ಹೋಗಲು ದಾರಿಯೇ ಇರಲಿಲ್ಲ ಎಂಬುದನ್ನೂ ಅಂದೇ ಎಲ್ಲರೂ ಕಂಡರು.

ಕಾನೂನು ಇಲ್ಲಿ ಬಹಳ ಸರಳ. ಹೊಳೆ, ಹಳ್ಳ, ತೋಡು, ಕೆರೆ ಇವುಗಳ ತಳ ಮತ್ತು ಹರಿಯುವ ನೀರು ಸರ್ಕಾರದ್ದು ಅಂತ ಭೂಕಂದಾಯ ಕಾಯಿದೆಯ 67ನೇ ಕಲಂ ಹೇಳುತ್ತದೆ. ತೋಡು ನಿಮ್ಮ ತೋಟದ ನಡುವೆ ಹರಿದರೂ ನಕ್ಷೆಯಲ್ಲಿ ಅದು ತೋಡು ಪರಂಬೋಕು ಅಥವಾ ಬಿ ಖರಾಬು ಅಂತ ಇದ್ದರೆ ಅದನ್ನು ಮುಚ್ಚುವುದು, ಕಿರಿದು ಮಾಡುವುದು, ಬೇರೆ ಕಡೆ ತಿರುಗಿಸುವುದು ಆಗದು. ದಾಟಲು ಮೋರಿ ಹಾಕಬೇಕಾದರೂ ಮೊದಲು ಪಂಚಾಯತಿನಲ್ಲಿ ಕೇಳಿ. ಸಣ್ಣ ಪೈಪು ಹಾಕಿ ಮೇಲೆ ಮಣ್ಣು ತುಂಬಿದ ಕಡೆಗಳಲ್ಲೇ ಹೆಚ್ಚಾಗಿ ಬದು ಒಡೆಯುವುದು. ನೇತ್ರಾವತಿ, ಗುರುಪುರ ಹೊಳೆಗಳ ಅಳಿವೆ ಬದಿಯಲ್ಲಿ ಉಪ್ಪುನೀರು ಏರಿ ಇಳಿಯುವ ಜಾಗದಲ್ಲಿ ಇರುವವರಿಗೆ ಕರಾವಳಿ ನಿಯಂತ್ರಣ ವಲಯದ ನಿಯಮವೂ ಅನ್ವಯಿಸುತ್ತದೆ. ಅಲ್ಲಿಯ ಕಾಂಡ್ಲಾ ಗಿಡಗಳನ್ನು ಮುಟ್ಟಲೇಬಾರದು.

"ಹಾಗಾದ್ರೆ ತೋಡಿನ ಬದಿ ಕೊಚ್ಚಿ ಹೋಗ್ತಾ ಉಂಟು, ನಾವು ನೋಡ್ತಾ ಕೂರ್ಬೇಕಾ?" ಅಂತ ನೀವು ಕೇಳಬಹುದು. ಬೇಡ. ಮೊದಲು ಸರ್ವೆ ಮಾಡಿಸಿ ಗಡಿ ಎಲ್ಲಿ ಅಂತ ನೋಡಿ. ನಿಮ್ಮ ಗಡಿಯ ಒಳಗೆ ಕೇದಗೆ, ಹೊಂಗೆ, ನೇರಳೆ, ಬಿದಿರು ನೆಡಿ. ಕೇದಗೆಯ ಬೇರು ಮಣ್ಣನ್ನು ಹಿಡಿದಿಡುವ ಹಾಗೆ ಸಿಮೆಂಟು ಕೂಡ ಹಿಡಿಯುವುದಿಲ್ಲ ಅಂತ ನಮ್ಮ ಅನಿಸಿಕೆ. ಎಲೆ ಚಾಪೆಗೂ ಆಗುತ್ತದೆ. ಹಿಂದೆ ಡಿಸೆಂಬರ್ ಬಂತೆಂದರೆ ಊರವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಕಟ್ಟ ಕಟ್ಟುತ್ತಿದ್ದರು, ಬಾವಿಗಳಲ್ಲಿ ನೀರು ಮೇಲೆ ನಿಲ್ಲುತ್ತಿತ್ತು, ಮಳೆಗೆ ಮೊದಲು ಬಿಡಿಸುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಎಷ್ಟೋ ಕಡೆ ಅದು ನಿಂತುಹೋಯಿತು. ನಾಲ್ಕು ಸಂಘ ಸೇರಿದರೆ ಒಂದು ಕಟ್ಟ ಕಟ್ಟಲು ಎರಡು ದಿನದ ಶ್ರಮದಾನ ಸಾಕು. ಪಂಚಾಯತಿಗೆ ತಿಳಿಸಿ, ಗ್ರಾಮಸಭೆಯಲ್ಲಿ ಕ್ರಿಯಾಯೋಜನೆಗೆ ಸೇರಿಸಲು ಹೇಳಿ. ಕಿಂಡಿ ಅಣೆಕಟ್ಟು ಇರುವ ಕಡೆ ಹಲಗೆ ಹಾಕುವುದಕ್ಕೆ ಎಲ್ಲರೂ ಬರುತ್ತಾರೆ, ಮೇ ತಿಂಗಳಲ್ಲಿ ತೆಗೆಯುವುದಕ್ಕೆ ಯಾರೂ ಇರುವುದಿಲ್ಲ. ಆ ಜವಾಬ್ದಾರಿಯನ್ನು ಸಂಘದ ನಿರ್ಣಯ ಪುಸ್ತಕದಲ್ಲಿ ಹೆಸರು ಸಮೇತ ಬರೆದಿಡಿ.

ಘಟ್ಟದ ಬುಡದ ಗ್ರಾಮಗಳಿಂದ ಬಂದವರು ಕಸ್ತೂರಿರಂಗನ್ ವರದಿ ಬಗ್ಗೆ ಚೀಟಿ ಕಳಿಸಿದ್ದೀರಿ. ಚಿಕ್ಕದಾಗಿ ಹೇಳುತ್ತೇವೆ. ವರದಿ 2013ರದ್ದು. ಕೇಂದ್ರ ಸರ್ಕಾರ 2024ರ ಜುಲೈ 31ರಂದು ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಆರು ರಾಜ್ಯಗಳ ಸುಮಾರು 56,800 ಚದರ ಕಿಲೋಮೀಟರ್, ಅದರಲ್ಲಿ ಕರ್ನಾಟಕದ್ದು 20,668. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ವರದಿಯನ್ನು ತಿರಸ್ಕರಿಸಿತು. ಕರಡಿನಲ್ಲಿ ನಿಷೇಧ ಹೇಳಿದ್ದು ಗಣಿ, ಕಲ್ಲುಕೋರೆ, ಮರಳುಗಾರಿಕೆ, ದೊಡ್ಡ ಕಟ್ಟಡ, ಹೆಚ್ಚು ಮಾಲಿನ್ಯದ ಕಾರ್ಖಾನೆ ಇಂಥವುಗಳಿಗೆ. ಅಡಿಕೆ ತೋಟ ಬಿಟ್ಟು ಏಳಿ ಅಂತ ಅದರಲ್ಲಿ ಇಲ್ಲ. ಹಾಗಂತ ಜನರ ಆತಂಕ ಸುಳ್ಳು ಅಂತ ನಾವು ಹೇಳುವುದಿಲ್ಲ. ಕಾಡಿನ ಅಂಚಿನಲ್ಲಿ ರಸ್ತೆಗೆ, ಕರೆಂಟಿಗೆ ಅಲೆದವರಿಗೆ ಹೊಸ ನಿಯಮ ಅಂದರೆ ಹೆದರಿಕೆ ಆಗುವುದು ಸಹಜ. ಕನ್ನಡದಲ್ಲಿ ಅಚ್ಚು ಮಾಡಿ ಮನೆಮನೆಗೆ ಕೊಟ್ಟಿದ್ದರೆ ಅರ್ಧ ಗಲಾಟೆ ಇರುತ್ತಿರಲಿಲ್ಲ.

ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಬರೆದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಶುದ್ಧ ಕುಡಿಯುವ ನೀರು ಪ್ರತಿಯೊಬ್ಬರ ಮೂಲಭೂತ ಹಕ್ಕು ಎಂದು ಹೇಳಿದ್ದಾರೆ. ಮೇಲಿನವರು ತೋಡು ಮುಚ್ಚಿದರೆ ಕೆಳಗಿನವರ ಆ ಹಕ್ಕು ಹೋಗುತ್ತದೆ. ಹೆಚ್ಚಾಗಿ ಕೆಳಗಿನ ಮನೆಯವರು ನಮ್ಮ ಸಂಘದವರೇ ಆಗಿರುತ್ತಾರೆ.

ಇನ್ನು ಗಿಡ ನೆಡುವವರಿಗೆ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಲ್ಲಿ ಶುರುವಾದದ್ದು. ನರ್ಸರಿಯಿಂದ ಕಡಿಮೆ ದರಕ್ಕೆ ಸಸಿ ತಂದು ನೆಟ್ಟು ಹೆಸರು ನೋಂದಾಯಿಸಿದರೆ, ಬದುಕಿ ಉಳಿದ ಗಿಡದ ಲೆಕ್ಕದಲ್ಲಿ ಮೂರು ವರ್ಷ ಪ್ರೋತ್ಸಾಹ ಧನ ಸಿಗುತ್ತದೆ. ಇನ್ನೊಂದು ಲಾಭ ಉಂಟು: ಈ ಮರ ನಾವೇ ನೆಟ್ಟದ್ದು ಅಂತ ಮುಂದೆ ತೋರಿಸಲು ದಾಖಲೆ ಆಗುತ್ತದೆ. ಪ್ರತಿ ಪಂಚಾಯತಿನಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ 2002ರ ಕಾಯಿದೆ ಹೇಳುತ್ತದೆ. ಅದರಲ್ಲಿ ಮಹಿಳೆಯರೂ ಇರಬೇಕು. ನಿಮ್ಮ ಪಂಚಾಯತಿನ ಸಮಿತಿಯಲ್ಲಿ ಯಾರ ಹೆಸರಿದೆ, ಸಭೆ ಕಡೆಯದಾಗಿ ಯಾವಾಗ ಆಯಿತು ಅಂತ ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ. ಎಷ್ಟೋ ಕಡೆ ಹೆಸರು ಇರುವವರಿಗೇ ಅದು ಗೊತ್ತಿರುವುದಿಲ್ಲ.

ಮುಂದಿನ ತಿಂಗಳ ಸಭೆಗೆ ಬರುವಾಗ ಪ್ರತಿಯೊಬ್ಬರೂ ಆರ್‌ಟಿಸಿ ಮತ್ತು ನಕ್ಷೆಯ ಒಂದೊಂದು ನಕಲು ತನ್ನಿ. ಮಂಜೂರಾದ ಜಾಗದವರು ಆದೇಶದ ನಕಲನ್ನೂ ತನ್ನಿ. ನಮ್ಮ ಅನಿಮೇಟರುಗಳು ಜೊತೆಯಲ್ಲಿ ಕುಳಿತು ಯಾವುದು ವರ್ಗ, ಯಾವುದು ಕುಮ್ಕಿ, ತೋಡು ಎಲ್ಲಿ ಹಾದುಹೋಗುತ್ತದೆ ಅಂತ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿಕೊಡುತ್ತಾರೆ. ಪೌತಿ ಖಾತೆ ಆಗದವರ ಪಟ್ಟಿಯನ್ನು ಅಂದೇ ಬರೆದುಕೊಳ್ಳುತ್ತೇವೆ. ಅಷ್ಟರ ತನಕ ಅಂಗಳದ ಬದಿಯಲ್ಲಿ ಹುಟ್ಟಿದ ಗಿಡಕ್ಕೆ ಕತ್ತಿ ಹಾಕಬೇಡಿ.