ಹೈಸ್ಕೂಲಿನ ಕಾನೂನು ಪಾಠವೂ ನಮ್ಮ ಮಕ್ಕಳ ಅಂಕವೂ

(ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರುಗಳಲ್ಲಿ ಪೋಷಕರ ಮುಂದೆ ಮಾಡಿದ ಭಾಷಣ)



ಈ ಹೊತ್ತು ನಾವು ಕೂಲಿಯ ಮಾತನ್ನಾಗಲಿ, ಧಾರಣೆಯ ಮಾತನ್ನಾಗಲಿ ಎತ್ತುವುದಿಲ್ಲ. ನಿಮ್ಮ ಮಕ್ಕಳ ಪರೀಕ್ಷೆಯ ಮಾತನ್ನು ಎತ್ತುತ್ತೇವೆ. ಆದರೆ ಭಾಷಣ ಮುಗಿಯುವ ಹೊತ್ತಿಗೆ ಇದೂ ಕೂಲಿಯ ಮಾತೇ, ಅಂಗಡಿಯ ಮಾತೇ ಎಂಬುದು ನಿಮಗೆ ಕಂಡುಬಂದೀತು. ನಾವು ಮೇಷ್ಟ್ರುಗಿರಿ ಬಿಟ್ಟು ಸಂಘಟನೆಗೆ ಬಂದವರು. ಹಾಜರಿ ಪುಸ್ತಕ ಕೈಬಿಟ್ಟಿತೇ ಹೊರತು ಶಾಲೆಯ ಚಿಂತೆ ನಮ್ಮನ್ನು ಬಿಟ್ಟಿಲ್ಲ.

ನಮ್ಮ ಹೈಸ್ಕೂಲುಗಳಲ್ಲಿ ಕಾನೂನು ಎಂಬ ಹೆಸರಿನ ಬೇರೆ ಪುಸ್ತಕವಿಲ್ಲ. ಆದರೆ ಕಾನೂನಿನ ಪಾಠ ಇದೆ. ಸಮಾಜ ವಿಜ್ಞಾನದ ಪುಸ್ತಕದೊಳಗೆ ಅದು ಅಲ್ಲಲ್ಲಿ ಹಂಚಿಹೋಗಿದೆ. ಸಂವಿಧಾನ, ನ್ಯಾಯಾಂಗ, ಚುನಾವಣೆ, ಅಸ್ಪೃಶ್ಯತೆಯ ನಿಷೇಧ, ದುಡಿಮೆಯ ಬದುಕು, ಬಾಲಕಾರ್ಮಿಕತೆ, ವರದಕ್ಷಿಣೆ, ಗ್ರಾಹಕರ ರಕ್ಷಣೆ, ಇವೆಲ್ಲ ಕಾನೂನಿನ ಪಾಠಗಳೇ. 2023ರಲ್ಲಿ ಶಾಲೆಗಳಲ್ಲಿ ಸಂವಿಧಾನದ ಪೀಠಿಕೆಯನ್ನು ಓದಿಸಬೇಕೆಂದು ಸರ್ಕಾರ ತೀರ್ಮಾನಿಸಿದ್ದೂ ನಿಮಗೆ ಗೊತ್ತು. ವಕೀಲರ ಮನೆಯ ಮಗು ಕಾನೂನನ್ನು ಊಟದ ಹೊತ್ತಿನಲ್ಲೇ ಕೇಳಿ ತಿಳಿಯುತ್ತದೆ. ನಮ್ಮ ಮಕ್ಕಳಲ್ಲಿ ಅನೇಕರಿಗೆ ಕಾನೂನನ್ನು ಕೂರಿಸಿ ಹೇಳಿಕೊಡುವ ಮೊದಲ ಜಾಗವೂ ಕೊನೆಯ ಜಾಗವೂ ಹೈಸ್ಕೂಲೇ. ಹತ್ತನೆಯದಾದ ಮೇಲೆ ಒಬ್ಬ ಗಿರಣಿಗೆ ಹೋಗುತ್ತಾನೆ, ಒಬ್ಬಳು ಹೊಲಿಗೆಗೆ ಕೂರುತ್ತಾಳೆ, ಇನ್ನೊಬ್ಬ ಅಪ್ಪನ ಅಂಗಡಿಯ ಗಲ್ಲದ ಮುಂದೆ ಕೂರುತ್ತಾನೆ.

ಈ ಪಾಠವನ್ನು ಹೇಗೆ ಅಳೆಯುತ್ತಾರೆ? ಎಸ್.ಎಸ್.ಎಲ್.ಸಿ.ಯಲ್ಲಿ ಸಮಾಜ ವಿಜ್ಞಾನಕ್ಕೆ 100 ಅಂಕ. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲೇ ಕೊಡತಕ್ಕ ಆಂತರಿಕ ಅಂಕ. ಲಿಖಿತ ಪರೀಕ್ಷೆಗೆ ಮಕ್ಕಳು ತಯಾರಾಗುವ ಪ್ರಶ್ನೆಗಳು ಎಂಥವು? ಅಸ್ಪೃಶ್ಯತೆಯನ್ನು ನಿಷೇಧಿಸಿದ ವಿಧಿ ಯಾವುದು? 17. ವಿಶ್ವ ಗ್ರಾಹಕರ ದಿನ ಯಾವಾಗ? ಮಾರ್ಚ್ 15. ಬಾಲಕಾರ್ಮಿಕ ನಿಷೇಧದ ಕಾಯ್ದೆ ಬಂದದ್ದು ಯಾವ ವರ್ಷ? 1986. ಹುಡುಗ ಉತ್ತರ ಬರೆಯುತ್ತಾನೆ, ಒಂದು ಅಂಕ ಬೀಳುತ್ತದೆ. ಅಲ್ಲಿಗೆ ಕಾನೂನಿನ ಜೊತೆ ಅವನ ಲೆಕ್ಕ ಚುಕ್ತಾ ಆಯಿತು.

ಇದಕ್ಕೆ ಹುಡುಗನನ್ನು ದೂರಬೇಡಿ. "ಸಾರ್, ಇದು ಪರೀಕ್ಷೆಗೆ ಬರುತ್ತದೆಯೇ?" ಎಂದು ಅವನು ಕೇಳಿದರೆ ಕೆಲವರು ನಗುತ್ತಾರೆ. ನಾವು ನಗುವುದಿಲ್ಲ. ಹೊಲವಿಲ್ಲದವನಿಗೆ, ಮನೆಯಿಲ್ಲದವನಿಗೆ ಅಂಕಪಟ್ಟಿಯೇ ಆಸ್ತಿ. ಪಿ.ಯು. ಸೀಟು, ಐ.ಟಿ.ಐ. ಸೀಟು, ವಿದ್ಯಾರ್ಥಿ ವೇತನ, ಎಲ್ಲಕ್ಕೂ ಅದನ್ನೇ ಕೇಳುತ್ತಾರೆ. ಆದುದರಿಂದ ಪರೀಕ್ಷೆಯಲ್ಲಿ ಏನು ಕೇಳುತ್ತಾರೋ ಅದನ್ನೇ ಅವನು ಓದುತ್ತಾನೆ. ಮೇಷ್ಟ್ರುಗಳನ್ನೂ ಪೂರ್ತಿ ದೂರುವಂತಿಲ್ಲ. ಶಾಲೆಯ ಫಲಿತಾಂಶ ಇಳಿದರೆ ನೋಟೀಸು ಅವರ ಮೇಜಿಗೇ ಬರುತ್ತದೆ. ಅದಕ್ಕೇ "ಪಾಸಿಂಗ್ ಪ್ಯಾಕೇಜ್" ಎಂಬ ಕಿರುಹೊತ್ತಿಗೆ ಹುಟ್ಟಿಕೊಂಡಿದೆ. ಇಷ್ಟು ಪ್ರಶ್ನೆ, ಇಷ್ಟು ಉತ್ತರ, ಬಾಯಿಪಾಠ ಮಾಡಿದರೆ ತೇರ್ಗಡೆ. ಮಗುವಿನ ನಿರೀಕ್ಷೆಯನ್ನು ಮಗು ಹುಟ್ಟಿಸಿದ್ದಲ್ಲ. ಅಳೆಯುವವರು ಅಳೆಯುವ ರೀತಿಯೇ ಅದನ್ನು ಹುಟ್ಟಿಸಿದೆ.

ಸರ್ಕಾರದವರ ಚರ್ಚೆ ಎಲ್ಲಿದೆ ನೋಡಿ. 2024ರ ಮೊದಲ ಪರೀಕ್ಷೆಯಲ್ಲಿ ಕೃಪಾಂಕ ಹೆಚ್ಚಿಸಿದರು, ಫಲಿತಾಂಶ ಶೇಕಡಾ 73.40 ಆಯಿತು. ಮರುವರ್ಷ ಆ ಕೃಪಾಂಕವಿರಲಿಲ್ಲ, 62.34ಕ್ಕೆ ಇಳಿಯಿತು. 2025ರ ಅಕ್ಟೋಬರಿನಲ್ಲಿ ತೇರ್ಗಡೆಯ ಮಟ್ಟವನ್ನೇ ಶೇಕಡಾ 35ರಿಂದ 33ಕ್ಕೆ ತಂದರು, ಅಂದರೆ 625ಕ್ಕೆ 206. ಬಡ ಮಕ್ಕಳಿಗೆ ಇದರಿಂದ ಅನುಕೂಲವಾದರೆ ನಮ್ಮ ಆಕ್ಷೇಪವಿಲ್ಲ. ಆದರೆ ತಕ್ಕಡಿಯ ಮುಳ್ಳನ್ನು ಎರಡು ಗೀಟು ಆಚೀಚೆ ಸರಿಸುವ ಮಾತೇ ನಡೆದಿದೆ. ತಟ್ಟೆಯಲ್ಲಿ ಏನನ್ನು ಹಾಕಿ ತೂಗುತ್ತಿದ್ದೇವೆಂದು ಕೇಳುವವರಿಲ್ಲ.

ಕಾನೂನು ಬಾಯಲ್ಲಿದ್ದು ಕೈಯಲ್ಲಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಹಿರಿಯರು ಕಂಡಿದ್ದಾರೆ. 1974ರ ಭೂಸುಧಾರಣೆ ತಿದ್ದುಪಡಿ ಬಂದಾಗ "ಉಳುವವನೇ ಹೊಲದೊಡೆಯ" ಎಂಬ ಮಾತು ಊರೂರಿನಲ್ಲೂ ಎಲ್ಲರ ಬಾಯಲ್ಲಿತ್ತು. ಆದರೆ ಹೊಲ ತಾನಾಗಿ ಬರುತ್ತಿರಲಿಲ್ಲ. ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಬರೆದು ಭೂನ್ಯಾಯ ಮಂಡಳಿಗೆ ಕೊಡಬೇಕಿತ್ತು. ಅದಕ್ಕೆ ಕೊನೆಯ ಗಡುವು 1979ರ ಜೂನ್ 30. ಅರ್ಜಿ ಹಾಕಿದವರಿಗೆ ಮಂಡಳಿಯ ಬಾಗಿಲು ತೆರೆಯಿತು. ಧಣಿಯ ದಾಕ್ಷಿಣ್ಯಕ್ಕೋ, ಭಯಕ್ಕೋ, ನಮೂನೆ ಎಂದರೇನೆಂದು ತಿಳಿಯದೆಯೋ ಸುಮ್ಮನಿದ್ದವರಿಗೆ ಆ ಬಾಗಿಲು ಮುಚ್ಚಿತು. ಘೋಷಣೆ ಇಬ್ಬರಿಗೂ ಗೊತ್ತಿತ್ತು. ವ್ಯತ್ಯಾಸ ಮಾಡಿದ್ದು ಒಂದು ಹಾಳೆ ಮತ್ತು ಒಂದು ತಾರೀಖು. ಹೈಸ್ಕೂಲಿನ ಕಾನೂನು ಪಾಠ ಮಗುವಿಗೆ ಕಲಿಸಬೇಕಾದದ್ದು ಆ ಹಾಳೆಯನ್ನು ಬರೆಯುವುದನ್ನು, ಆ ತಾರೀಖನ್ನು ಹಿಡಿಯುವುದನ್ನು.

ಹಾಗಾದರೆ ಪ್ರಶ್ನೆಗಳು ಹೇಗಿರಬೇಕು? ಬರೀ ಟೀಕೆ ಮಾಡಿ ಹೋಗುವುದು ನಮ್ಮ ಪದ್ಧತಿಯಲ್ಲ. ನಾಲ್ಕು ತಾಲ್ಲೂಕಿಗೆ ನಾಲ್ಕು ಪ್ರಶ್ನೆಗಳನ್ನು ನಾವೇ ಕಟ್ಟಿ ತಂದಿದ್ದೇವೆ.

ಚನ್ನಗಿರಿಯ ಪ್ರಶ್ನೆ: ಒಬ್ಬ ಹೆಣ್ಣುಮಗಳು ಹೊಟ್ಟೆಪಾಡಿಗೆಂದು ಹೊಲಿಗೆ ಯಂತ್ರ ಕೊಂಡಳು. ಹದಿನೈದು ದಿನಕ್ಕೆ ಕೆಟ್ಟಿತು. ಮಾರಿದವನು ಕೈಯಾಡಿಸಿ ಕಳಿಸಿದ. ಆಕೆ ವ್ಯಾಪಾರಕ್ಕೆ ಕೊಂಡವಳೋ, ಗ್ರಾಹಕಳೋ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ದುಡಿಮೆಯ ಜೀವನೋಪಾಯಕ್ಕಾಗಿ ಕೊಂಡವರೂ ಗ್ರಾಹಕರೇ. ಎರಡು ವರ್ಷದೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರೇ ಬೇಕೆಂದೂ ಇಲ್ಲ. ಸಣ್ಣ ವ್ಯಾಪಾರಿ ಮಿತ್ರರೆ, ಈ ಪಾಠ ನಿಮ್ಮ ವಿರುದ್ಧದ ಪಾಠವೆಂದು ತಿಳಿಯಬೇಡಿ. ನಿಮ್ಮ ಸ್ವಂತ ಹೊಟ್ಟೆಪಾಡಿಗೆ ನೀವು ಕೊಂಡ ತಕ್ಕಡಿ ಕೆಟ್ಟಾಗ ನಿಮಗೂ ಬೇಕಾಗುವ ಪಾಠ ಇದು.

ಹೊನ್ನಾಳಿಯ ಪ್ರಶ್ನೆ: ಅಕ್ಕಿ ಗಿರಣಿಯ ಒಬ್ಬ ಕಾರ್ಮಿಕನನ್ನು ಸೋಮವಾರ ಕೆಲಸದಿಂದ ತೆಗೆದರು. ಬಾಕಿ ಕೂಲಿಗೆ "ಮುಂದಿನ ತಿಂಗಳು ಬಾ" ಎಂದರು. ಇದು ಸರಿಯೇ? 2025ರ ನವೆಂಬರ್ 21ರಿಂದ ಹಳೆಯ 29 ಕಾರ್ಮಿಕ ಕಾಯ್ದೆಗಳ ಜಾಗದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಒಳ್ಳೆಯದು ಕೆಟ್ಟದ್ದರ ಚರ್ಚೆ ಬೇರೆ ದಿನಕ್ಕಿರಲಿ. ವೇತನ ಸಂಹಿತೆಯ ಪ್ರಕಾರ, ಕೆಲಸದಿಂದ ತೆಗೆದರೆ ಎರಡು ಕೆಲಸದ ದಿನಗಳೊಳಗೆ ಬಾಕಿ ಕೊಡಬೇಕು. ಹೆಚ್ಚು ಹೊತ್ತಿನ ದುಡಿಮೆಗೆ ಎರಡರಷ್ಟು ದರ ಕೊಡಬೇಕು. ಕೂಲಿಯ ಚೀಟಿಯನ್ನೂ ಕೊಡಬೇಕು.

ನ್ಯಾಮತಿಯ ಪ್ರಶ್ನೆ: ಬೀದಿ ಬದಿಯ ತಳ್ಳುಗಾಡಿಯವನನ್ನು ಸಮೀಕ್ಷೆಯನ್ನೇ ಮಾಡದೆ ಎಬ್ಬಿಸಿದರು. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಏನೆನ್ನುತ್ತದೆ? ಸಮೀಕ್ಷೆ ಮುಗಿದು ವ್ಯಾಪಾರದ ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ ಎನ್ನುತ್ತದೆ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ವ್ಯಾಪಾರಿಗಳೇ ಇರಬೇಕು ಎನ್ನುತ್ತದೆ.

ಜಗಳೂರಿನ ಪ್ರಶ್ನೆ: ಬೇಸಿಗೆಯಲ್ಲಿ ನಿಮ್ಮ ಹಳ್ಳಿಗೆ ಟ್ಯಾಂಕರ್ ನೀರು ಬಂದಂತೆ ಲೆಕ್ಕದಲ್ಲಿದೆ, ಕೊಡದಲ್ಲಿಲ್ಲ. ಎಷ್ಟು ಟ್ಯಾಂಕರಿಗೆ ಬಿಲ್ ಪಾವತಿಯಾಗಿದೆ ಎಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಬರೆಯಿರಿ. ಕಾಯ್ದೆ 2005ರದು, ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವೂ ಇಲ್ಲ.

ಇಂಥ ಉತ್ತರಗಳಿಗೆ ಅಂಕ ಹಾಕುವುದು ಕಷ್ಟವೆನ್ನುತ್ತಾರೆ. ಕಷ್ಟವೇನಿಲ್ಲ. ನಾಲ್ಕು ಅಂಕದ ಪ್ರಶ್ನೆಯಾದರೆ, ಯಾವ ಕಾನೂನು ಎಂದು ಗುರುತಿಸಿದ್ದಕ್ಕೆ ಒಂದು, ಯಾರಿಗೆ ಬರೆಯಬೇಕೆಂದು ತಿಳಿದದ್ದಕ್ಕೆ ಒಂದು, ಎಷ್ಟು ದಿನದೊಳಗೆ ಎಂಬುದಕ್ಕೆ ಒಂದು, ರಸೀದಿಯೋ ಚೀಟಿಯೋ ಏನು ಲಗತ್ತಿಸಬೇಕೆಂದು ಹೇಳಿದ್ದಕ್ಕೆ ಒಂದು. ಇದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಅಳೆಯುವ ಸೇರು ಯಾವುದೆಂದು ಗಿರಾಕಿಗೆ ತೋರಿಸಿ ಅಳೆಯುವುದು ಸಂತೆಯ ನ್ಯಾಯ. ಶಾಲೆಗೆ ಬೇರೆ ನ್ಯಾಯವೇಕೆ?

ಇನ್ನು ಆ 20 ಆಂತರಿಕ ಅಂಕಗಳ ವಿಷಯ. ಕಿರುಪರೀಕ್ಷೆ ಮತ್ತು ಚಟುವಟಿಕೆಗಳ ಮೂಲಕ ಮಗುವನ್ನು ವರ್ಷವಿಡೀ ನೋಡಿ ಅಂಕ ಕೊಡಬೇಕೆಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆಚರಣೆಯಲ್ಲಿ ಏನಾಗುತ್ತಿದೆ? ಕೆಲವೆಡೆ ಎಲ್ಲರಿಗೂ ಇಪ್ಪತ್ತಕ್ಕೆ ಇಪ್ಪತ್ತು ಹಾಕಿ ಕೈತೊಳೆಯುತ್ತಾರೆ. ಕೆಲವೆಡೆ ಬಣ್ಣದ ಚಾರ್ಟು, ಥರ್ಮೋಕೋಲಿನ ಸಂಸತ್ ಭವನ, ಜೆರಾಕ್ಸ್ ಅಂಗಡಿಯಲ್ಲಿ ಕಟ್ಟಿಸಿದ ಪ್ರಾಜೆಕ್ಟು, ಇವುಗಳಿಗೆ ಅಂಕ ಹೆಚ್ಚು. ಅಲ್ಲಿ ಅಳೆದದ್ದು ಮಗುವಿನ ತಿಳಿವನ್ನಲ್ಲ, ಅಪ್ಪನ ಜೇಬನ್ನು. ದಿನದ ಕೂಲಿ ತಂದು ಅಕ್ಕಿ ಕೊಳ್ಳುವ ತಾಯಿ ಥರ್ಮೋಕೋಲಿಗೆ ಎಲ್ಲಿಂದ ತರಬೇಕು? ಸಮಾನತೆಯ ವಿಧಿ 14ರ ಪಾಠಕ್ಕೇ ಇಂಥ ಅಸಮಾನ ಅಳತೆ ನಡೆದರೆ ಇದಕ್ಕಿಂತ ವಿಡಂಬನೆ ಉಂಟೇ?

ಕಾಸು ಖರ್ಚಾಗದ ಚಟುವಟಿಕೆಗಳು ಎಷ್ಟೋ ಇವೆ. ಮನೆಯಲ್ಲಿರುವ ಒಂದು ರಸೀದಿಯನ್ನು ತಂದು ಅದರಲ್ಲಿ ಏನಿದೆ, ಏನು ಬಿಟ್ಟಿದೆ ಎಂದು ಬರೆಯುವುದು. ಅಪ್ಪನ ಕೂಲಿಯ ಚೀಟಿಯನ್ನು ಓದಿ ಲೆಕ್ಕ ತಾಳೆ ನೋಡುವುದು. ಗ್ರಾಮಸಭೆಯಲ್ಲಿ ಕುಳಿತು ನಡೆದದ್ದನ್ನು ಒಂದು ಪುಟ ಬರೆಯುವುದು. ಒಂದು ಮಾಹಿತಿ ಅರ್ಜಿಯ ಕರಡು ಸಿದ್ಧಮಾಡುವುದು. ಇಲ್ಲಿ ಕೂಲಿಯವನ ಮಗು ಹಿಂದೆ ಬೀಳುವುದಿಲ್ಲ. ಕೂಲಿಯ ಚೀಟಿ ಎಂದರೇನೆಂದು, ಅದು ಸಿಗದಿದ್ದರೆ ಮನೆಯಲ್ಲಿ ಏನಾಗುತ್ತದೆಂದು ಅದಕ್ಕೇ ಮೊದಲು ಗೊತ್ತು. ಇವಾವುದಕ್ಕೂ ಬೆಂಗಳೂರಿನ ಆಜ್ಞೆಗೆ ಕಾಯಬೇಕಾಗಿಲ್ಲ. ಈ 20 ಅಂಕ ಊರಿನ ಶಾಲೆಯ ಕೈಯಲ್ಲೇ ಇದೆ.

ಕೊಟ್ಟ ಅಂಕವನ್ನು ಪ್ರಶ್ನಿಸುವುದೂ ಕಾನೂನಿನ ಪಾಠವೇ. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟು, ಆದಿತ್ಯ ಬಂದೋಪಾಧ್ಯಾಯ ಎಂಬ ವಿದ್ಯಾರ್ಥಿಯ ಮೊಕದ್ದಮೆಯಲ್ಲಿ, ತಿದ್ದಿದ ಉತ್ತರಪತ್ರಿಕೆಯೂ ಮಾಹಿತಿಯೇ, ಬರೆದವನು ಅದನ್ನು ನೋಡಬಹುದು ಎಂದು ತೀರ್ಪು ಕೊಟ್ಟಿತು. ನಮ್ಮ ಪರೀಕ್ಷಾ ಮಂಡಳಿಯಲ್ಲೂ ಉತ್ತರಪತ್ರಿಕೆಯ ಪ್ರತಿ ಪಡೆಯುವ, ಮರುಮೌಲ್ಯಮಾಪನ ಕೇಳುವ ವ್ಯವಸ್ಥೆಯಿದೆ, ಅದಕ್ಕೆ ಶುಲ್ಕವಿದೆ. 2024ರಲ್ಲಿ 5, 8, 9ನೆಯ ತರಗತಿಗಳ ಬೋರ್ಡ್ ಪರೀಕ್ಷೆಯ ವಿವಾದ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್‌ನಲ್ಲಿ ತಡೆಯಾಜ್ಞೆ ಬಂತು. ಲಕ್ಷಾಂತರ ಮಕ್ಕಳ ಪುಸ್ತಕದ ಹೊರಗೆ ಒಂದು ಜೀವಂತ ಕಾನೂನು ಪಾಠ ನಡೆಯುತ್ತಿತ್ತು. ಅವರ ಪರೀಕ್ಷೆಯದೇ ಆದ ಆ ಮೊಕದ್ದಮೆ ಏನೆಂದು ನಿಮ್ಮ ಮಗುವನ್ನು ಕೇಳಿ ನೋಡಿ.

ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. "ಒಬ್ಬ ಮೇಷ್ಟ್ರಿಗೆ ಪಾಠದ ಜೊತೆ ಹತ್ತು ಕೆಲಸ, ಚುನಾವಣೆ ಅವರದೇ, ಗಣತಿ ಅವರದೇ. ಅರವತ್ತು ಮಕ್ಕಳ ಅರ್ಜಿಯನ್ನು ಅವರು ಯಾವಾಗ ತಿದ್ದಬೇಕು?" ನ್ಯಾಯವಾದ ಮಾತು. ಖಾಲಿ ಹುದ್ದೆಗಳನ್ನು ತುಂಬದೆ, ಅತಿಥಿ ಶಿಕ್ಷಕರಿಗೆ ಕಾಲಕಾಲಕ್ಕೆ ಸಂಬಳ ಕೊಡದೆ ಒಳ್ಳೆಯ ಮೌಲ್ಯಮಾಪನ ಕೇಳುವುದು ಎತ್ತಿಗೆ ಹುಲ್ಲು ಹಾಕದೆ ಗಳೇವು ಹೊಡೆದಂತೆ. ಆದುದರಿಂದ ಈ ವಿಷಯದಲ್ಲಿ ಮೇಷ್ಟ್ರು ನಮ್ಮ ಎದುರಾಳಿಯಲ್ಲ, ಜೊತೆಗಾರ. ಅವರ ಕೆಲಸದ ಹೊರೆಯ ಪ್ರಶ್ನೆಯೂ ನಮ್ಮ ಮಕ್ಕಳ ಅಂಕದ ಪ್ರಶ್ನೆಯೂ ಒಂದೇ.

ಬಂಧುಗಳೆ, ನಾವು ನಿಮ್ಮಿಂದ ಮೂರು ಕೆಲಸ ಕೇಳುತ್ತೇವೆ. ಒಂದು, ಶಾಲಾಭಿವೃದ್ಧಿ ಸಮಿತಿಯ ಮುಂದಿನ ಸಭೆಗೆ ಒಂದು ಹೊತ್ತಿನ ಕೂಲಿ ಹೋದರೂ ಹೋಗಿ. ಆಂತರಿಕ ಅಂಕವನ್ನು ಯಾವುದಕ್ಕೆ ಎಷ್ಟು ಕೊಡುತ್ತಾರೆಂಬ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಗೋಡೆಗೆ ಅಂಟಿಸಬೇಕೆಂದು ಕೇಳಿ. ಎರಡು, ಕಾಸು ಬೇಡುವ ಪ್ರಾಜೆಕ್ಟುಗಳನ್ನು ನಿಲ್ಲಿಸಿ, ರಸೀದಿ, ಕೂಲಿ ಚೀಟಿ, ಅರ್ಜಿಗಳ ಚಟುವಟಿಕೆಗೆ ಅಂಕ ಕೊಡಬೇಕೆಂದು ಕೇಳಿ. ಮೂರು, ಲಿಖಿತ ಪರೀಕ್ಷೆಯಲ್ಲಿ ಕಾನೂನಿನ ಪಾಠಕ್ಕೆ ಇಸವಿಯನ್ನು ಕೇಳುವ ಪ್ರಶ್ನೆ ಕಡಿಮೆಮಾಡಿ, ಬದುಕಿನ ಸಂದರ್ಭ ಕೊಟ್ಟು ಕೇಳುವ ಪ್ರಶ್ನೆ ಹೆಚ್ಚಿಸಬೇಕೆಂದು ನಾಲ್ಕು ತಾಲ್ಲೂಕುಗಳಿಂದ ಸಹಿ ಹಾಕಿ ಪರೀಕ್ಷಾ ಮಂಡಳಿಗೆ ಮನವಿ ಕಳಿಸೋಣ.

ಆ ಮನವಿಯನ್ನು ನಾವು ಬರೆದುಕೊಡುವುದಿಲ್ಲ. ನಿಮ್ಮ ಮನೆಯ ಹತ್ತನೆಯ ತರಗತಿಯ ಹುಡುಗನೋ ಹುಡುಗಿಯೋ ಬರೆಯಲಿ. ಯಾರಿಗೆ, ಯಾವ ವಿಷಯ, ಯಾವ ದಿನ, ಯಾರ ಸಹಿ, ಇಷ್ಟನ್ನೂ ಆ ಮಗುವೇ ಸರಿಯಾಗಿ ಹಾಕಲಿ. ತಪ್ಪಿದ್ದರೆ ಮೇಷ್ಟ್ರ ಹತ್ತಿರ ತಿದ್ದಿಸಿ, ಒಂದು ಪ್ರತಿ ಮನೆಯಲ್ಲಿಟ್ಟುಕೊಂಡು, ಅಂಚೆಗೆ ಹಾಕಿ ರಸೀದಿಯನ್ನು ಜೋಪಾನ ಮಾಡಿ.